ಟೈಲ್ಸ್ ಮೊದಲೋ, ಪೇಂಟ್ ಮೊದಲೋ, ಮರದ ಕೆಲಸ ಮೊದಲೋ?

ಪ್ರಶ್ನೆ: ಮೈಸೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೊಂದು, ಮೇಲೊಂದು ಮಹಡಿ. ಒಳಗಿನ ಪ್ಲಾಸ್ಟರ್ ಕಳೆದ ವಾರ ಮುಗಿಯಿತು. ಇನ್ನು ಎರಡೂವರೆ ತಿಂಗಳಿಗೆ ಗೃಹಪ್ರವೇಶದ ಮುಹೂರ್ತ ಸಿಕ್ಕಿದೆ. ಟೈಲ್ಸ್‌ನವರು "ಪೇಂಟ್ ಮುಗಿಸಿಕೊಳ್ಳಿ, ಆಮೇಲೆ ಬರ್ತೀವಿ" ಅಂತಾರೆ. ಪೇಂಟರ್ "ಟೈಲ್ಸ್ ಆಗದೆ ನಾನು ಬ್ರಶ್ ಮುಟ್ಟಲ್ಲ" ಅಂತಾರೆ. ಬಡಗಿ ನಾಳೆನೇ ಪ್ಲೈವುಡ್ ತಂದು ಇಳಿಸುತ್ತೇನೆ ಅಂತಿದ್ದಾರೆ. ಯಾವುದು ಮೊದಲು, ಯಾವುದು ಆಮೇಲೆ?

ಉತ್ತರ: ಮೊದಲು ಟೈಲ್ಸ್, ಆಮೇಲೆ ಮರದ ಕೆಲಸ, ಕೊನೆಗೆ ಪೇಂಟ್. ಆದರೆ ಪೇಂಟನ್ನು ಎರಡು ಭಾಗ ಮಾಡಿಕೊಳ್ಳಬೇಕು. ಗೋಡೆ ನುಣುಪು ಮಾಡುವ ಪುಟ್ಟಿ, ಪೇಂಟ್ ಹಿಡಿಯಲು ಹಚ್ಚುವ ಪ್ರೈಮರ್, ಒಂದು ಕೋಟ್ ಪೇಂಟ್ ಇವೆಲ್ಲ ಮರದ ಕೆಲಸಕ್ಕಿಂತ ಮುಂಚೆ. ಕೊನೆಯ ಕೋಟ್ ಮಾತ್ರ ಎಲ್ಲರೂ ಸಾಮಾನು ಕಟ್ಟಿಕೊಂಡು ಹೋದ ಮೇಲೆ.

ಮೂವರೂ ಹೇಳುತ್ತಿರುವುದರಲ್ಲಿ ಅರ್ಥ ಇದೆ. ಟೈಲ್ಸ್‌ನವರಿಗೆ ಹೊಸ ನೆಲದ ಮೇಲೆ ಪೇಂಟ್ ಹನಿ ಬೀಳುವ ಭಯ. ಪೇಂಟರಿಗೆ ಟೈಲ್ ಕೊಯ್ಯುವ ಧೂಳಿನ ಭಯ. ಬಡಗಿಗೆ ಮುಹೂರ್ತದೊಳಗೆ ಮುಗಿಸಿ ಕೊಡಬೇಕಲ್ಲ ಅನ್ನುವ ಚಿಂತೆ. ಪ್ರತಿಯೊಬ್ಬರೂ ತಮ್ಮ ಕೆಲಸ ಕೆಡದಂತೆ ನೋಡಿಕೊಳ್ಳುತ್ತಿದ್ದಾರೆ. ಇಡೀ ಮನೆಯನ್ನು ಒಟ್ಟಿಗೆ ನೋಡಬೇಕಾದವರು ನೀವು ಮತ್ತು ನಿಮ್ಮ ಎಂಜಿನಿಯರ್.

ಹಾಗೆ ನೋಡುವಾಗ ಎರಡು ವಿಷಯ ನೆನಪಿದ್ದರೆ ಸಾಕು. ಒಂದು ನೀರು, ಇನ್ನೊಂದು ಧೂಳು. ನೀರು ಬೇಕಾಗುವ ಕೆಲಸವೆಲ್ಲ ಮೊದಲು ಆಗಬೇಕು, ಆ ನೀರು ಮನೆಯಿಂದ ಹೊರಗೆ ಹೋಗಬೇಕು. ಆಮೇಲೆ ಧೂಳಿನ ಕೆಲಸ. ಧೂಳು ನಿಂತ ಮೇಲೆ ಕಣ್ಣಿಗೆ ಕಾಣುವ ಕೆಲಸ. ಮುಹೂರ್ತ ಹತ್ತಿರ ಬಂತು ಅಂತ ನಾವು ಕೂಲಿಗಳನ್ನು ಜಾಸ್ತಿ ಮಾಡಬಹುದು, ರಾತ್ರಿ ದೀಪ ಹಾಕಿ ಕೆಲಸ ಮಾಡಿಸಬಹುದು. ಗೋಡೆ ಒಣಗುವ ವೇಗ ಅದರಿಂದ ಹೆಚ್ಚಾಗುವುದಿಲ್ಲ. ಹೊಸ ಮನೆಗಳಲ್ಲಿ ಒಂದೇ ವರ್ಷಕ್ಕೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ.

ಗೋಡೆ ಒಣಗಿದೆ ಅಂತ ಗೊತ್ತಾಗುವುದು ಹೇಗೆ

ಪ್ಲಾಸ್ಟರ್‌ಗೆ ಕನಿಷ್ಠ ಏಳು ದಿನ ಕ್ಯೂರಿಂಗ್, ಅಂದರೆ ನೀರು ಹೊಡೆದು ಒದ್ದೆ ಇಡುವುದು, ಬೇಕು. ನಿಮ್ಮದು ಮುಗಿದು ವಾರವಷ್ಟೇ ಆಗಿದೆ. ಕೊನೆಯಲ್ಲಿ ಮಾಡಿದ ರೂಮುಗಳಿಗೆ ಇನ್ನೂ ನೀರು ಹೊಡೆಯುವುದು ಬಾಕಿ ಇರಬಹುದು, ಕೇಳಿ ನೋಡಿ. ಕ್ಯೂರಿಂಗ್ ನಿಲ್ಲಿಸಿದ ಮೇಲೆ ಗೋಡೆ ಒಣಗಲು ಶುರುವಾಗುತ್ತದೆ. ಹೊಸ ಪ್ಲಾಸ್ಟರ್ ಮೇಲೆ ಪೇಂಟ್ ಮಾಡಲು ಕನಿಷ್ಠ 28 ದಿನ ಬಿಡಿ ಅನ್ನುವುದು ಸಾಮಾನ್ಯ ಲೆಕ್ಕ. ಇದಕ್ಕೆ ಎರಡು ಕಾರಣ. ಗೋಡೆಯೊಳಗಿನ ನೀರು ಹೊರಗೆ ಬರಬೇಕು. ಜೊತೆಗೆ ಹೊಸ ಸಿಮೆಂಟಿನಲ್ಲಿ ಕ್ಷಾರದ ಅಂಶ ತುಂಬಾ ಜಾಸ್ತಿ. ಅದು ಪೇಂಟಿನ ಬಣ್ಣವನ್ನೂ ಹಿಡಿತವನ್ನೂ ತಿನ್ನುತ್ತದೆ. ಒದ್ದೆ ಗೋಡೆಗೆ ಪುಟ್ಟಿ, ಪೇಂಟ್ ಬಳಿದರೆ ಒಳಗಿನ ನೀರು ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ನೀರು ಆರಿ ಹೋಗುತ್ತದೆ, ಬಿಳಿ ಉಪ್ಪು ಗೋಡೆಯ ಮೇಲೇ ಉಳಿಯುತ್ತದೆ. ಪೇಂಟ್ ಗುಳ್ಳೆ ಎದ್ದು, ಕೈಯಿಟ್ಟರೆ ಪುಡಿಪುಡಿಯಾಗಿ ಉದುರುತ್ತದೆ. ಮೇಲೆ ಎಷ್ಟು ದುಬಾರಿ ಪೇಂಟ್ ಹಚ್ಚಿದ್ದರೂ ಇದು ತಪ್ಪುವುದಿಲ್ಲ.

28 ದಿನ ಅನ್ನುವುದು ಒಣಹವೆಯ ಲೆಕ್ಕ. ಮೈಸೂರಿನ ಬೇಸಿಗೆಯಲ್ಲಿ ಅಷ್ಟು ಸಾಕಾಗಬಹುದು. ತೀರ್ಥಹಳ್ಳಿ, ಮಡಿಕೇರಿ, ಉಡುಪಿ ಕಡೆ ಮಳೆಗಾಲದಲ್ಲಿ ಸಾಲುವುದೇ ಇಲ್ಲ. ಅದಕ್ಕೇ ದಿನ ಎಣಿಸಿ ಸುಮ್ಮನಾಗಬೇಡಿ, ಗೋಡೆಯನ್ನೇ ಪರೀಕ್ಷೆ ಮಾಡಿ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ತೆಳು ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪ್ ಅಂಟಿಸಿ. ಒಂದು ದಿನ ಪೂರ್ತಿ ಹಾಗೇ ಬಿಡಿ. ಮಾರನೇ ದಿನ ಹಾಳೆಯ ಒಳಮೈ ಮೇಲೆ ಸಣ್ಣ ನೀರ ಹನಿ ಕಂಡರೆ, ಅಥವಾ ಹಾಳೆ ತೆಗೆದಾಗ ಆ ಜಾಗ ಸುತ್ತಲಿಗಿಂತ ಕಪ್ಪಾಗಿ ಕಂಡರೆ, ಗೋಡೆ ಇನ್ನೂ ಒದ್ದೆ ಇದೆ ಅಂತ. ನೆಲದಿಂದ ಒಂದಡಿ ಎತ್ತರದಲ್ಲಿ ಒಂದು, ಬಾತ್‌ರೂಮಿನ ಹಿಂದಿನ ಗೋಡೆಯಲ್ಲಿ ಒಂದು, ಬಿಸಿಲು ಬೀಳದ ಉತ್ತರದ ಗೋಡೆಯಲ್ಲಿ ಒಂದು, ಹೀಗೆ ಮೂರು ಕಡೆ ಅಂಟಿಸಿ. ಮೊದಲು ಒಣಗುವ ಗೋಡೆಯನ್ನು ನೋಡಿ ಸಮಾಧಾನ ಪಟ್ಟುಕೊಂಡರೆ ಉಪಯೋಗವಿಲ್ಲ, ಕೊನೆಗೆ ಒಣಗುವ ಗೋಡೆ ಏನು ಹೇಳುತ್ತದೆ ಅನ್ನುವುದು ಮುಖ್ಯ.

ಹಾಗಂತ ಈ ಒಂದು ತಿಂಗಳು ಕೈಕಟ್ಟಿ ಕೂರಬೇಕಾಗಿಲ್ಲ. ಹೇಗೂ ಮನೆ ಒದ್ದೆ ಇದೆ. ನೀರಿನ ಕೆಲಸವನ್ನೆಲ್ಲ ಈಗಲೇ ಮುಗಿಸಿಕೊಳ್ಳಿ.

ಮೊದಲು ಬಾತ್‌ರೂಮು

ಇಡೀ ಮನೆಯಲ್ಲಿ ತಪ್ಪು ಮಾಡಿದರೆ ಅತಿ ಹೆಚ್ಚು ದುಡ್ಡು ಕೇಳುವ ಜಾಗ ಬಾತ್‌ರೂಮು. ಇಲ್ಲಿ ಮಾತ್ರ ಆತುರ ಮಾಡಲೇಬೇಡಿ.

ಟೈಲ್ಸ್‌ನವರನ್ನು ಕರೆಯುವ ಮೊದಲು ಪ್ಲಂಬರ್ ಹತ್ತಿರ ಪೈಪುಗಳ ಪ್ರೆಶರ್ ಟೆಸ್ಟ್ ಮಾಡಿಸಿ. "ಟ್ಯಾಂಕ್ ತುಂಬಿಸಿ ಬಿಟ್ಟಿದ್ದೆ ಸಾರ್, ಎಲ್ಲೂ ಲೀಕ್ ಇಲ್ಲ" ಅಂದರೆ ಒಪ್ಪಬೇಡಿ. ಟ್ಯಾಂಕಿನ ನೀರು 10 ಮೀಟರ್ ಎತ್ತರದಲ್ಲಿದ್ದರೂ ಪೈಪಿಗೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಮಾತ್ರ. ನಾಳೆ ನೀವು ಶವರ್‌ಗೆ ಜೋರು ಬೇಕು ಅಂತ ಪ್ರೆಶರ್ ಪಂಪ್ ಕೂರಿಸಿದಾಗ, ಅಂಟು ಸರಿಯಾಗಿ ಹಿಡಿಯದ ಜಾಯಿಂಟ್ ಟೈಲ್ಸ್ ಹಿಂದೆ ಬಿಟ್ಟುಕೊಳ್ಳುತ್ತದೆ. ಕೈಪಂಪಿನಲ್ಲಿ ನೀರು ಒತ್ತಿ, ಮೀಟರಿನ ಮುಳ್ಳು ಎಲ್ಲಿದೆ ಅಂತ ಫೋಟೊ ತೆಗೆದುಕೊಂಡು, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಮತ್ತೆ ನೋಡಬೇಕು. ಗೀಸರ್ ಪಾಯಿಂಟಿನಲ್ಲಿ ಬಿಸಿನೀರು, ತಣ್ಣೀರಿನ ಎರಡೂ ಲೈನನ್ನು ಒಂದು ತುಂಡು ಪೈಪಿನಿಂದ ಜೋಡಿಸಿಕೊಂಡರೆ ಒಂದೇ ಸಲಕ್ಕೆ ಎರಡೂ ಪರೀಕ್ಷೆ ಆಗುತ್ತದೆ. ಮುಳ್ಳು ಇಳಿದಿದ್ದರೆ ಎಲ್ಲೋ ನೀರು ಹೋಗುತ್ತಿದೆ. ಈಗ ಸಿಕ್ಕರೆ ಒಂದು ಎಲ್ಬೋ ಬದಲಿಸಿದರೆ ಮುಗಿಯಿತು.

ಆಮೇಲೆ ವಾಟರ್‌ಪ್ರೂಫಿಂಗ್. ನಮ್ಮ ಕಡೆ ಬಾತ್‌ರೂಮಿನ ಸ್ಲಾಬನ್ನು ತಗ್ಗಿಸಿ ಹಾಕಿ, ಪೈಪ್ ಎಳೆದು, ಮೇಲೆ ತುಂಬಿಸುವುದು ರೂಢಿ. ಹಾಗಿದ್ದರೆ ವಾಟರ್‌ಪ್ರೂಫಿಂಗ್ ಎರಡು ಸಲ ಆಗಬೇಕು: ಒಮ್ಮೆ ತಗ್ಗಿನ ಸ್ಲಾಬಿನ ಮೇಲೆ, ಇನ್ನೊಮ್ಮೆ ತುಂಬಿಸಿದ ಮೇಲೆ, ಟೈಲ್ಸ್ ಕೆಳಗೆ. ಪ್ರತಿ ಸಲವೂ ಎರಡು ಕೋಟ್, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ನೆಲಕ್ಕಷ್ಟೇ ಬಳಿದರೆ ಸಾಲದು. ಗೋಡೆಗೂ ಒಂದಡಿ ಏರಿಸಬೇಕು, ಶವರ್ ಇರುವ ಗೋಡೆಗೆ ಇನ್ನೂ ಎತ್ತರಕ್ಕೆ. ಪೈಪ್ ಸ್ಲಾಬನ್ನು ದಾಟುವ ಜಾಗ ಮತ್ತು ಗೋಡೆ ನೆಲ ಸೇರುವ ಮೂಲೆ, ಸಾಮಾನ್ಯವಾಗಿ ಸೋರುವುದು ಇವೆರಡೇ. ಕೆಲಸದವರು ಬ್ರಶ್ ಹಿಡಿದು ಆ ಮೂಲೆಗೆ ಬಂದಾಗ ನೀವು ಅಲ್ಲೇ ನಿಂತಿರಿ.

ಕೋಟ್ ಒಣಗಿದ ಮೇಲೆ ನೀರು ಕಟ್ಟಿ ನಿಲ್ಲಿಸುವ ಪರೀಕ್ಷೆ. ನೀರು ಹೊರಹೋಗುವ ಟ್ರ್ಯಾಪಿನ ಬಾಯಿ ಬಿಗಿಯಾಗಿ ಮುಚ್ಚಿ, ಬಾಗಿಲ ಹತ್ತಿರ ಸಣ್ಣ ಕಟ್ಟೆ ಕಟ್ಟಿ, ಎರಡು ಮೂರು ಇಂಚು ನೀರು ತುಂಬಿಸಿ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. 48 ಗಂಟೆ ಬಿಡಿ. ಗೆರೆಗಿಂತ ಒಂದು ಕೂದಲೆಳೆ ಇಳಿದರೆ ಅದು ಆವಿಯಾಗಿದ್ದು. ಬೆರಳಗಲ ಇಳಿದರೆ ಅದು ಸೋರಿದ್ದು. ಮೇಲಿನ ಬಾತ್‌ರೂಮಿಗೆ ಕೆಳಗಿನ ರೂಮಿನ ಸೀಲಿಂಗ್ ನೋಡಿ. ಕೆಳಗಿನದಕ್ಕೆ ಪಕ್ಕದ ರೂಮಿನ ಗೋಡೆಯ ಬುಡ ಮುಟ್ಟಿ ನೋಡಿ. ಎಷ್ಟೋ ಮನೆಗಳಲ್ಲಿ ಈ ಎರಡು ದಿನ ಬಿಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಆಮೇಲೆ ಹಾಲ್‌ನ ಸೀಲಿಂಗಿನಲ್ಲಿ ಹಳದಿ ಕಲೆ ಬಂದಾಗ ಟೈಲ್ಸ್ ಎಲ್ಲ ಕಿತ್ತು ಹುಡುಕುತ್ತಾರೆ. ದಯವಿಟ್ಟು ಈ ಎರಡು ದಿನ ಕೊಡಿ.

ಟೈಲ್ಸ್ ಹಾಕುವಾಗ ಗೋಡೆ ಮೊದಲು, ನೆಲ ಆಮೇಲೆ. ಗೋಡೆಯ ಕೆಳಗಿನ ಒಂದು ಸಾಲು ಬಿಟ್ಟು ಮೇಲಿನದನ್ನು ಮುಗಿಸಿ, ನೆಲ ಹಾಕಿ, ಕೊನೆಗೆ ಆ ಸಾಲನ್ನು ನೆಲದ ಮೇಲೆ ಕೂರುವಂತೆ ಹಾಕುತ್ತಾರೆ. ಗೋಡೆಯಿಂದ ಇಳಿದ ನೀರು ಸಂದಿಗೆ ಹೋಗದೆ ನೆಲದ ಮೇಲೇ ಹರಿಯುತ್ತದೆ. ಇಳಿಜಾರು ಎಂಟು ಅಡಿಗೆ ಒಂದು ಇಂಚು ಇರಲಿ. ಟೈಲ್ಸ್ ಸಂದಿಗೆ ಗ್ರೌಟ್ ತುಂಬುವ ಮೊದಲು ಬಾಗಿಲ ಹತ್ತಿರ ಒಂದು ಚೊಂಬು ನೀರು ಸುರಿದು ನೋಡಿ. ಎಲ್ಲೂ ನಿಲ್ಲದೆ ಟ್ರ್ಯಾಪಿಗೆ ಹೋಗಬೇಕು. ಬಾತ್‌ರೂಮಿನ ನೆಲ ಹೊರಗಿನ ರೂಮಿಗಿಂತ ಅರ್ಧ ಇಂಚಾದರೂ ತಗ್ಗಿರಲಿ.

ಒಂದು ಸಣ್ಣ ವಿಷಯ, ಆದರೆ ಬಹಳ ಮನೆಗಳಲ್ಲಿ ತಪ್ಪುತ್ತದೆ. ಗೋಡೆಯೊಳಗೆ ಕೂರಿಸುವ ಡೈವರ್ಟರ್ (ನೀರನ್ನು ನಲ್ಲಿಗೋ ಶವರ್‌ಗೋ ತಿರುಗಿಸುವ ವಾಲ್ವ್) ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಟೈಲ್ಸ್‌ನ ಮೇಲ್ಮೈ ಎಲ್ಲಿಂದ ಎಲ್ಲಿವರೆಗೆ ಬರಬಹುದು ಅಂತ ಅದರ ಮೇಲೆ ಗುರುತು ಹಾಕಿರುತ್ತಾರೆ. ಪ್ಲಂಬರ್ ಅದನ್ನು ಬರಿ ಗೋಡೆಗೆ ಸಮ ಕೂರಿಸಿ ಹೋದರೆ, ಮೇಲೆ ಗಾರೆ, ಟೈಲ್ ಬಂದು ಅದು ಒಳಗೆ ಹೂತು ಹೋಗುತ್ತದೆ. ಕೊನೆಗೆ ಹ್ಯಾಂಡಲ್ ಹಾಕಲು ಬಂದರೆ ಎಟುಕುವುದೇ ಇಲ್ಲ. ಟೈಲ್ಸ್ ಶುರುವಾಗುವ ಮೊದಲು ಒಂದು ತುಂಡು ಟೈಲ್ ಹಿಡಿದು ಆ ಗುರುತು ನೋಡಿಕೊಳ್ಳಿ.

ಅಡುಗೆಮನೆಯಲ್ಲಿ ಮೊದಲು ಗ್ರಾನೈಟ್ ಸ್ಲಾಬ್ ಕೂರಬೇಕು, ಆಮೇಲೆ ಅದರ ಮೇಲಿನ ಗೋಡೆಯ ಟೈಲ್ಸ್. ಸ್ಲಾಬಿನ ಎತ್ತರ ಸಾಮಾನ್ಯವಾಗಿ 32ರಿಂದ 34 ಇಂಚು ಇಡುತ್ತಾರೆ. ಅಡುಗೆ ಮಾಡುವವರನ್ನು ಅಲ್ಲೇ ನಿಲ್ಲಿಸಿ ಅಳತೆ ತೆಗೆದುಕೊಳ್ಳುವುದು ಒಳ್ಳೆಯದು. ಸಿಂಕ್, ಹಾಬ್ (ಕಲ್ಲಿನೊಳಗೆ ಕೂರುವ ಒಲೆ) ಎರಡನ್ನೂ ಮೊದಲೇ ಖರೀದಿ ಮಾಡಿ, ಅವುಗಳ ಅಳತೆ ನೋಡಿ ಕಲ್ಲು ಕೊಯ್ಸಿ. ಕಲ್ಲು ಕೊಯ್ಯುವ ಧೂಳು ಮನೆಯ ಮೂಲೆ ಮೂಲೆಗೆ ಹೋಗುತ್ತದೆ, ಪೇಂಟ್ ಆದ ಮೇಲೆ ಆ ಕೆಲಸ ಬೇಡ.

ನೆಲ

ಬಾತ್‌ರೂಮು, ಅಡುಗೆಮನೆ ಆದ ಮೇಲೆ ರೂಮುಗಳ ನೆಲ. ಕೆಲಸ ಶುರುವಾಗುವ ದಿನ ಮೇಸ್ತ್ರಿ ಮನೆಯೆಲ್ಲ ಸುತ್ತಿ, ಗೋಡೆಗಳ ಮೇಲೆ ಒಂದೇ ಮಟ್ಟದ ಗೆರೆ ಹಾಕಬೇಕು. ಮೊದಲೆಲ್ಲ ನೀರು ತುಂಬಿದ ಲೆವೆಲ್ ಪೈಪಿನಲ್ಲಿ ಹಾಕುತ್ತಿದ್ದರು, ಈಗ ಲೇಸರ್ ಬಂದಿದೆ. ಎಲ್ಲ ರೂಮಿನ ನೆಲವೂ ಆ ಗೆರೆಯಿಂದ ಅಳೆದೇ ಬರಬೇಕು. ಹಾಲ್‌ನಲ್ಲಿ ಸುಮಾರು 18 ಎಂಎಂ ಗ್ರಾನೈಟ್, ರೂಮಿನಲ್ಲಿ ಅದರ ಅರ್ಧ ದಪ್ಪದ ವಿಟ್ರಿಫೈಡ್ ಟೈಲ್ಸ್ ಹಾಕುತ್ತಿದ್ದರೆ, ಕೆಳಗಿನ ಗಾರೆಯ ದಪ್ಪದಲ್ಲಿ ಸರಿದೂಗಿಸಬೇಕು. ಇಲ್ಲದಿದ್ದರೆ ಪ್ರತಿ ಬಾಗಿಲಿಗೂ ಎಡವುವ ಅಂಚು.

ಇದೇ ಗೆರೆಯಿಂದ ಮೆಟ್ಟಿಲನ್ನೂ ನೋಡಿ. ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಹಾಲ್‌ನ ನೆಲ ಗಾರೆ, ಟೈಲ್ ಸೇರಿ ಎರಡೂವರೆ ಇಂಚು ಮೇಲೆ ಬಂತು ಅನ್ನಿ. ಮೆಟ್ಟಿಲಿಗೆ ಹಾಕುವ ಕಲ್ಲು ಮತ್ತು ಗಾರೆ ಸೇರಿ ಒಂದೂವರೆ ಇಂಚು. ಕಾಂಕ್ರೀಟ್ ಹಾಕುವಾಗ ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮೊದಲ ಮೆಟ್ಟಿಲು ಉಳಿದವಕ್ಕಿಂತ ಒಂದು ಇಂಚು ಗಿಡ್ಡ ಆಯಿತು. ಮೇಲಿನ ಕೊನೆಯ ಮೆಟ್ಟಿಲು ಅಷ್ಟೇ ಎತ್ತರ ಆಯಿತು. ನಮ್ಮ ಕಾಲು ಎಲ್ಲ ಮೆಟ್ಟಿಲೂ ಒಂದೇ ಅಂತ ನಂಬಿ ನಡೆಯುತ್ತದೆ. ವಯಸ್ಸಾದವರು ಬೀಳುವುದು ಇಂಥ ಕಡೆಗಳಲ್ಲೇ. ಈಗ ಅಳೆದರೆ ವ್ಯತ್ಯಾಸವನ್ನು ನಾಲ್ಕೈದು ಮೆಟ್ಟಿಲಿಗೆ ಹಂಚಬಹುದು.

ವಿಟ್ರಿಫೈಡ್ ಟೈಲ್ಸ್ ಬಗ್ಗೆ ಒಂದು ಮಾತು. ಹಳೆಯ ಸಿರಾಮಿಕ್ ಟೈಲ್ಸ್ ನೀರು ಕುಡಿಯುತ್ತಿತ್ತು, ಸಿಮೆಂಟ್ ಹಾಲು (ನೀರಿನಲ್ಲಿ ಕಲಸಿದ ತೆಳು ಸಿಮೆಂಟ್) ಒಳಗಿಳಿದು ಗಟ್ಟಿಯಾಗಿ ಹಿಡಿಯುತ್ತಿತ್ತು. ವಿಟ್ರಿಫೈಡ್ ಟೈಲ್ ನೀರು ಕುಡಿಯುವುದು ತನ್ನ ತೂಕದ ಶೇಕಡಾ 0.5ರಷ್ಟೂ ಇಲ್ಲ. ಅದಕ್ಕೆ ಬರೀ ಸಿಮೆಂಟ್ ಹಾಲು ಸರಿಯಾಗಿ ಹಿಡಿಯುವುದಿಲ್ಲ. 2×4 ಅಡಿಯ ದೊಡ್ಡ ಟೈಲ್ಸ್ ಆದರಂತೂ, ಗೋಡೆಗೆ ಹಾಕುವುದಾದರಂತೂ, ಟೈಲ್ ಅಂಟು (ಅಡೆಸಿವ್) ಬಳಸಲೇಬೇಕು. ಖರ್ಚು ಜಾಸ್ತಿ ಆಗುತ್ತದೆ, ನಿಜ. ಈ ಖರ್ಚು ಉಳಿಸಬೇಡಿ. ಎರಡು ಟೈಲ್ ನಡುವೆ 2 ಎಂಎಂ ಸಂದಿ ಬಿಡಿಸಿ. "ಸಂದಿ ಕಾಣಬಾರದು, ಅಂಟಿಸಿ ಹಾಕಿ" ಅಂತ ಮನೆಯವರೇ ಹೇಳುವುದುಂಟು. ಬಿಸಿಲಿಗೆ ಹಿಗ್ಗಲು ಜಾಗ ಇಲ್ಲದಿದ್ದರೆ ಟೈಲ್ಸ್ ಮೇಲಕ್ಕೆ ಏಳುತ್ತದೆ.

ಹಾಕಿ ಎರಡು ಮೂರು ದಿನ ಆದ ಮೇಲೆ, ಗ್ರೌಟ್ ತುಂಬುವ ಮೊದಲು, ಒಂದು ನಾಣ್ಯ ಹಿಡಿದು ಕೂತುಕೊಳ್ಳಿ. ಪ್ರತಿ ಟೈಲಿನ ನಾಲ್ಕು ಮೂಲೆಗೂ, ನಡುವಿಗೂ ಮೆಲ್ಲಗೆ ಬಡಿಯಿರಿ. ಕೆಳಗೆ ಗಾರೆ ತುಂಬಿದ್ದರೆ ಗಟ್ಟಿ ಸದ್ದು, ಇಲ್ಲದಿದ್ದರೆ ಟೊಳ್ಳು ಸದ್ದು. ಕಿವಿಗೆ ಬೇಗ ಅಭ್ಯಾಸ ಆಗುತ್ತದೆ. ಟೊಳ್ಳಾದವಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೇಸ್ತ್ರಿಗೆ ತೋರಿಸಿ ಬದಲಿಸಿಕೊಳ್ಳಿ. ಮೂಲೆ ಟೊಳ್ಳಾದ ಟೈಲ್ ಮೇಲೆ ನಾಳೆ ಬೀರುವಿನ ಕಾಲು ಕೂತರೆ ಒಡೆಯುತ್ತದೆ.

ರೆಡ್ ಆಕ್ಸೈಡ್ ನೆಲ ಹಾಕಿಸುವ ಆಸೆ ಇದ್ದರೆ ಕ್ರಮ ಸ್ವಲ್ಪ ಬದಲಾಗುತ್ತದೆ. ಅಜ್ಜನ ಮನೆಯ ಆ ತಂಪು ನೆಲ ಮತ್ತೆ ಬೇಕು ಅಂತ ಈಗ ಬಹಳ ಜನ ಕೇಳುತ್ತಾರೆ, ನನಗೂ ಅದರ ಮೇಲೆ ಪ್ರೀತಿ ಜಾಸ್ತಿ. ಆದರೆ ಅದು ಇಡೀ ಕೋಣೆಗೆ ಒಂದೇ ಹಾಸು. ಒಂದು ತುಂಡು ಕಿತ್ತು ಹೊಸದು ಹಾಕಲು ಆಗುವುದಿಲ್ಲ, ಕಲೆ ಬಿದ್ದರೆ ಉಳಿದೇ ಹೋಗುತ್ತದೆ. ಅಂಥ ರೂಮಿನಲ್ಲಿ ಬಡಗಿ ಕೆಲಸ ಮಾಡುವಂತಿಲ್ಲ. ಮರವನ್ನು ಬೇರೆ ಕಡೆ ಕೊಯ್ದು ತಂದು ಜೋಡಿಸಬೇಕು. ಕೆಲಸ ಗೊತ್ತಿರುವ ಗಾರೆಯವರು ಸಿಗುವುದೂ ಕಷ್ಟ. ಅವರು ಮೊದಲು ಮಾಡಿದ ನೆಲವನ್ನು ಹೋಗಿ ನೋಡಿಕೊಂಡು ಬಂದೇ ಒಪ್ಪಿಸಿ.

ನೆಲ ಮುಗಿದ ಮೇಲೆ ಎರಡು ಮೂರು ದಿನ ತೆರೆದು ಬಿಟ್ಟು, ಕೆಳಗಿನ ತೇವ ಆರಿದ ಮೇಲೆ ಮುಚ್ಚಿ. ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ತೆಳ್ಳಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಎಳೆಯುತ್ತಾರೆ. ಅದು ಗಟ್ಟಿಯಾಗಿ ನಿಲ್ಲುತ್ತದೆ, ಏಣಿ ಎಳೆದರೂ, ಸುತ್ತಿಗೆ ಬಿದ್ದರೂ ಟೈಲ್‌ಗೆ ಏಟಾಗುವುದಿಲ್ಲ. ಟೈಲ್ಸ್‌ನವರಿಗೆ ಪೇಂಟ್ ಹನಿಯ ಚಿಂತೆ ಇತ್ತಲ್ಲ, ಅದಕ್ಕೆ ಉತ್ತರ ಇದು.

ವೈರ್, ಸೀಲಿಂಗ್, ಪುಟ್ಟಿ

ವೈರ್ ಎಳೆಯುವುದು ಪುಟ್ಟಿಗೆ ಮುಂಚೆ ಆಗಲಿ. ಗೋಡೆಯೊಳಗಿನ ವೈರ್ ಪೈಪಿನಲ್ಲಿ ಗಾರೆ ಹೋಗಿ ಕಟ್ಟಿಕೊಂಡಿದ್ದರೆ ಗೋಡೆ ಒಡೆಯಬೇಕಾಗುತ್ತದೆ, ಅದು ಪುಟ್ಟಿ ಆದ ಮೇಲೆ ಗೊತ್ತಾದರೆ ಬೇಜಾರು. ಲೈಟಿಗೆ 1.5, 16 ಆಂಪಿಯರ್ ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಎಂಎಂ ವೈರ್ ಹಾಕುವುದು ರೂಢಿ. ಶಾಕ್‌ನಿಂದ ಕಾಪಾಡುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೋರ್ಡಿನಲ್ಲಿ ಇರಲೇಬೇಕು. ಫಾಲ್ಸ್ ಸೀಲಿಂಗ್ ಮಾಡಿಸುವುದಿದ್ದರೆ ಅದೂ ಈಗಲೇ. ಜಿಪ್ಸಮ್ ಬೋರ್ಡಿಗೆ ತೇವ ಆಗದು, ಹಾಗಾಗಿ ನೀರಿನ ಕೆಲಸ ನಡೆಯುವಾಗ ಅದನ್ನು ತಂದು ಇಡುವುದೂ ಬೇಡ.

ಆಮೇಲೆ ಪುಟ್ಟಿ ಎರಡು ಕೋಟ್, ಎಮರಿ ಕಾಗದದಲ್ಲಿ ಉಜ್ಜುವುದು, ಪ್ರೈಮರ್. ಪುಟ್ಟಿ ಮೊದಲೋ ಪ್ರೈಮರ್ ಮೊದಲೋ ಅನ್ನುವ ಜಗಳವೂ ಪ್ರತಿ ಮನೆಯಲ್ಲಿ ಇದ್ದದ್ದೇ. ಬಿಳಿ ಸಿಮೆಂಟಿನ ಪುಟ್ಟಿಯಾದರೆ ನೇರ ಗೋಡೆಗೆ ಹಚ್ಚಿ, ಮೇಲೆ ಪ್ರೈಮರ್. ಅಕ್ರಿಲಿಕ್ ಪುಟ್ಟಿಯಾದರೆ ಮೊದಲು ಪ್ರೈಮರ್. ಚೀಲದ ಮೇಲೆ ಬರೆದಿರುತ್ತದೆ. ಎಮರಿ ಹೊಡೆದಾದ ಮೇಲೆ ರಾತ್ರಿ ಒಂದು ಬಲ್ಬನ್ನು ಗೋಡೆಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿದು ನೋಡಿ. ಹಗಲಲ್ಲಿ ಕಾಣದ ಏರುತಗ್ಗೆಲ್ಲ ನೆರಳಾಗಿ ಕಾಣುತ್ತದೆ. ಪೇಂಟರಿಗೆ ಅಲ್ಲೇ ಪೆನ್ಸಿಲಿನಲ್ಲಿ ಸುತ್ತು ಹಾಕಿ ಕೊಡಿ. ನಂತರ ಒಂದು ಕೋಟ್ ಪೇಂಟ್ ಮಾಡಿಸಿ, ಪೇಂಟರನ್ನು ಕಳಿಸಿಬಿಡಿ.

ಮರದ ಕೆಲಸ

ನಿಮ್ಮ ಬಡಗಿಯನ್ನು ಯಾಕೆ ತಡೆಯಬೇಕು ಅಂದರೆ, ಈಗ ಪ್ಲೈವುಡ್ ತಂದು ಇಳಿಸಿದರೆ ಅದು ಒದ್ದೆ ಮನೆಯ ತೇವವನ್ನೆಲ್ಲ ಹೀರಿಕೊಳ್ಳುತ್ತದೆ. ಅದರಲ್ಲಿ ಮಾಡಿದ ಕಬೋರ್ಡ್ ಬಾಗಿಲು (ಶಟರ್) ಬೇಸಿಗೆ ಬಂದಾಗ ಬಾಗುತ್ತದೆ. ಇನ್ನೊಂದು ಕಾರಣ ಅಳತೆ. ವಾರ್ಡ್‌ರೋಬಿನ ಎತ್ತರ ಸಿದ್ಧ ನೆಲದಿಂದ ಸಿದ್ಧ ಸೀಲಿಂಗಿಗೆ. ಇವೆರಡೂ ಇನ್ನೂ ಬಂದಿಲ್ಲ. ಮೂಲೆಮಟ್ಟ ಹಿಡಿದು ನೋಡಿದರೆ ಯಾವ ರೂಮಿನ ಮೂಲೆಯೂ ಪೂರ್ತಿ ನೇರ ಇರುವುದಿಲ್ಲ. ಹಾಗಾಗಿ ಪ್ಲಾನ್ ನೋಡಿ ಅಳತೆ ತೆಗೆದುಕೊಳ್ಳುವುದೂ ಸರಿಯಲ್ಲ. ಫ್ಯಾಕ್ಟರಿಯಿಂದ ಮಾಡ್ಯುಲರ್ ಕಿಚನ್ ತರಿಸುವುದಾದರೆ ಅವರ ಅಳತೆಯ ದಿನವೂ ಟೈಲ್ಸ್ ಆದ ಮೇಲೆಯೇ.

ಅಡುಗೆಮನೆಗೆ ಐಎಸ್ 710 (ಭಾರತೀಯ ಮಾನಕದ ಸಂಖ್ಯೆ) ಮುದ್ರೆ ಇರುವ ಪ್ಲೈವುಡ್ ಬಳಸಿ, ಅದು ನೀರು ತಡೆಯುವ ದರ್ಜೆ. ಬೆಡ್‌ರೂಮಿಗೆ ಐಎಸ್ 303 ಸಾಕು. ಮುದ್ರೆ ಪ್ರತಿ ಹಾಳೆಯ ಮೇಲೂ ಇರುತ್ತದೆ, ಬಿಲ್ಲಿನಲ್ಲಿ ಬರೆದದ್ದನ್ನು ಮಾತ್ರ ನಂಬಬೇಡಿ. ವಾರ್ಡ್‌ರೋಬಿನ ಬೆನ್ನು ಬಾತ್‌ರೂಮಿನ ಗೋಡೆಗೆ ಬರುತ್ತಿದ್ದರೆ ಅಲ್ಲಿ ಅರ್ಧ ಇಂಚು ಸಂದಿ ಬಿಡಿಸಿ.

ಬಾಗಿಲುಗಳನ್ನು ನೆಲ ಆದ ಮೇಲೆ ಕೆಳಗೆ ಅಳತೆ ನೋಡಿ ಕೊಯ್ದು ಕೂರಿಸುತ್ತಾರೆ. ಆಗ ಕೊಯ್ದ ಕೆಳಗಿನ ಅಂಚು ಏನೂ ಹಚ್ಚದ ಬರಿ ಮರವಾಗಿಯೇ ಉಳಿಯುತ್ತದೆ. ಪೇಂಟರ್ ಬರುವಷ್ಟರಲ್ಲಿ ಬಾಗಿಲು ನಿಂತಿರುತ್ತದೆ, ಅಡಿಗೆ ಬ್ರಶ್ ಹೋಗುವುದಿಲ್ಲ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಿಡಿದುಕೊಳ್ಳಲು ಇದೂ ಒಂದು ಕಾರಣ. ಕೂರಿಸುವ ಮೊದಲೇ ಮೇಲಿನ, ಕೆಳಗಿನ ಅಂಚಿಗೆ ಪ್ರೈಮರ್ ಅಥವಾ ವಾರ್ನಿಶ್ ಹಚ್ಚಿಸಿ. ಐದು ನಿಮಿಷದ ಕೆಲಸ.

ನಿಮ್ಮ ಎರಡೂವರೆ ತಿಂಗಳು

ಈಗ ನಿಮ್ಮ ತಾರೀಕಿಗೆ ಬರೋಣ. ಮೊದಲ ಎರಡು ವಾರ ಕ್ಯೂರಿಂಗ್ ಮುಗಿಸಿ, ಪ್ರೆಶರ್ ಟೆಸ್ಟ್, ವಾಟರ್‌ಪ್ರೂಫಿಂಗ್. ಮುಂದಿನ ಎರಡು ವಾರ ಬಾತ್‌ರೂಮಿನ ಟೈಲ್ಸ್, ಅಡುಗೆಮನೆಯ ಕಲ್ಲು. ಐದು, ಆರನೇ ವಾರ ನೆಲ. ಪಕ್ಕದಲ್ಲೇ ವೈರಿಂಗ್ ನಡೆಯಲಿ. ಅಷ್ಟರಲ್ಲಿ ಗೋಡೆಗೆ 28 ದಿನ ಕಳೆದಿರುತ್ತದೆ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಪಾಸಾದರೆ ಏಳು, ಎಂಟು, ಒಂಬತ್ತನೇ ವಾರದಲ್ಲಿ ಸೀಲಿಂಗ್, ಪುಟ್ಟಿ, ಪ್ರೈಮರ್, ಒಂದು ಕೋಟ್. ಹತ್ತನೇ ವಾರ ಬಾಗಿಲು, ಸ್ವಿಚ್, ಲೈಟು, ಒಂದು ಬಾತ್‌ರೂಮಿನ ನಲ್ಲಿಗಳು. ಅಲ್ಲಿಗೆ ಮುಹೂರ್ತ ಬಂತು.

ವಾರ್ಡ್‌ರೋಬ್, ಟಿವಿ ಯೂನಿಟ್, ಅಡುಗೆಮನೆಯ ಕಬೋರ್ಡ್ ಇಷ್ಟರಲ್ಲಿ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಗೃಹಪ್ರವೇಶಕ್ಕೆ ಸೂರು ಇರಬೇಕು, ಬಾಗಿಲು ಇರಬೇಕು, ಹಾಲುಕ್ಕಿಸಲು ಒಲೆ ಇಡುವ ಜಾಗ ಬೇಕು, ಬಂದವರಿಗೆ ನೀರು, ಬೆಳಕು ಬೇಕು. ಪುರೋಹಿತರನ್ನೇ ಕೇಳಿ ನೋಡಿ, ಅವರೂ ಇದನ್ನೇ ಹೇಳುತ್ತಾರೆ. ನೆಂಟರಿಗೆ ಪೂರ್ತಿ ಮುಗಿದ ಮನೆ ತೋರಿಸಬೇಕು ಅನ್ನುವ ಆಸೆ ಸಹಜ. ಎಷ್ಟೋ ವರ್ಷ ಕಾಸು ಕೂಡಿಸಿ ಕಟ್ಟಿದ ಮನೆ. ಆದರೆ ಆ ಒಂದು ದಿನಕ್ಕಾಗಿ ಒದ್ದೆ ಗೋಡೆಗೆ ಬಣ್ಣ ಬಳಿದು, ಒದ್ದೆ ರೂಮಿಗೆ ಮರ ತುಂಬುವುದು ಬೇಡ ಅಂತ ನಾನು ಕಟ್ಟಡ ಕಟ್ಟಿಸುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಆಷಾಢ ಬರುವ ಮುಂಚೆ ಮುಗಿಸಬೇಕು ಅಂತ ಓಡುವ ಮನೆಗಳಲ್ಲಿ ಇದು ಜಾಸ್ತಿ ಆಗುತ್ತದೆ. ಆಗ ಮೇ ತಿಂಗಳ ಮಳೆಯೂ ಬಂದಿರುತ್ತದೆ, ಪೇಂಟರುಗಳೂ ಸಿಗುವುದಿಲ್ಲ.

ಕೊನೆಯ ಕೋಟ್ ಉಳಿಸಿಕೊಳ್ಳುವುದರಲ್ಲಿ ಇನ್ನೊಂದು ಲಾಭ ಇದೆ. ಹೋಮದ ಹೊಗೆ ಸೀಲಿಂಗಿಗೆ ಹಿಡಿಯುತ್ತದೆ. ಅರಿಶಿನ, ಕುಂಕುಮದ ಕೈ ಗೋಡೆಗೆ ತಾಗುತ್ತದೆ. ಎಲ್ಲದರ ಮೇಲೂ ಆಮೇಲೆ ಒಂದು ಕೋಟ್ ಬಂದರೆ ಚಿಂತೆಯಿಲ್ಲ. ಹೋಮಕುಂಡವನ್ನು ನೇರ ಟೈಲ್ಸ್ ಮೇಲೆ ಇಡಬೇಡಿ, ಬಿಸಿಗೆ ಟೈಲ್ ಸೀಳುತ್ತದೆ. ಕೆಳಗೆ ಮರಳು ದಪ್ಪಗೆ ಹರವಿ, ಇಟ್ಟಿಗೆ ಜೋಡಿಸಿ, ಅದರ ಮೇಲೆ ಇಡಿ. ಹಸು ಕರು ಒಳಗೆ ಕರೆತರುವುದಾದರೆ ಬಾಗಿಲಿಂದ ದಾರಿಯುದ್ದಕ್ಕೂ ಗೋಣಿತಾಟು ಹಾಸಿ. ನುಣುಪಾದ ಟೈಲ್ಸ್ ಮೇಲೆ ಗೊರಸು ಜಾರುತ್ತದೆ, ಪಾಪ, ಅದಕ್ಕೆ ಗಾಬರಿ ಆಗುತ್ತದೆ.

ಹೊಸಮನೆಯಲ್ಲಿ ಒಂದು ರಾತ್ರಿ ಮಲಗಿ ಬನ್ನಿ. ಮಾರನೇ ದಿನದಿಂದ ನೆಲಕ್ಕೆ ಮತ್ತೆ ಹೊದಿಕೆ ಹಾಸಿ, ಬಡಗಿಗೆ ಮನೆ ಬಿಟ್ಟುಕೊಡಿ. ಅವರು ಮುಗಿಸಿದ ಮೇಲೆ ಪೇಂಟರ್ ಬಂದು ಕೊನೆಯ ಕೋಟ್ ಹೊಡೆಯಲಿ. ಆಮೇಲೆ ಹೊದಿಕೆ ತೆಗೆದು ನೆಲ ತೊಳೆಯುವುದು. ಆಗ ಕೆಲಸದವರು ಆ್ಯಸಿಡ್ ತರುತ್ತಾರೆ. ಬೇಡ ಅನ್ನಿ. ಅದು ಸಂದಿಯ ಗ್ರೌಟನ್ನು ತಿನ್ನುತ್ತದೆ, ಅದರ ಹೊಗೆಗೆ ಹೊಸ ನಲ್ಲಿಗಳ ಹೊಳಪು ಹೋಗುತ್ತದೆ. ಟೈಲ್ಸ್‌ಗೆ ಅಂತಲೇ ಸಿಗುವ ಕ್ಲೀನರ್ ಹಾಕಿ, ನೈಲಾನ್ ಬ್ರಶ್ಶಿನಲ್ಲಿ ಉಜ್ಜಿಸಿ.

ಪ್ರತಿ ಬಗೆಯ ಟೈಲ್ಸ್‌ನಲ್ಲೂ ಒಂದೊಂದು ಬಾಕ್ಸ್ ಉಳಿಸಿ ಅಟ್ಟದ ಮೇಲೆ ಇಟ್ಟುಕೊಳ್ಳಿ. ನಾಲ್ಕು ವರ್ಷ ಬಿಟ್ಟು ಒಂದು ಟೈಲ್ ಒಡೆದರೆ ಅದೇ ಹೆಸರಿನದು ಅಂಗಡಿಯಲ್ಲಿ ಸಿಕ್ಕರೂ ಬಣ್ಣ ಒಂದೇ ಇರುವುದಿಲ್ಲ. ಪೇಂಟ್ ಡಬ್ಬಿಯ ಮೇಲಿನ ಶೇಡ್ ಕೋಡ್‌ನ ಫೋಟೊ ತೆಗೆದು, ಯಾವ ರೂಮಿಗೆ ಯಾವುದು ಅಂತ ಬರೆದಿಡಿ.